ಲಂಡನ್ ಪ್ಯಾರಿಸ್‌ಗಳ ನಡುವಣ ದೂರವೂ ಕಾಲವೂ

ಲಂಡನ್ನಿಗೂ ಪ್ಯಾರಿಸ್ಸಿಗೂ ನಡುವೆ ಸಂಚರಿಸುವ ವಿಮಾನಗಳ ವೇಳಾಪಟ್ಟಿಯನ್ನು ಮೊದಲ ಬಾರಿಗೆ ನೋಡಿದವರಿಗೆ ಒಂದು ಸಂಶಯ ಹುಟ್ಟದೆ ಇರದು. ಬೆಳಗ್ಗೆ ಒಂಬತ್ತು ಗಂಟೆಗೆ ಲಂಡನ್ನನ್ನು ಬಿಟ್ಟ ವಿಮಾನವು ಹನ್ನೊಂದೂಕಾಲರ ಸುಮಾರಿಗೆ ಪ್ಯಾರಿಸ್ಸನ್ನು ಸೇರುವುದೆಂದು ಅದರಲ್ಲಿ ಬರೆದಿರುತ್ತದೆ. ಅದೇ ಒಂಬತ್ತು ಗಂಟೆಗೆ ಪ್ಯಾರಿಸ್ಸನ್ನು ಬಿಟ್ಟುದು ಒಂಬತ್ತೂಕಾಲರ ಸುಮಾರಿಗೇ ಲಂಡನ್ನಿನಲ್ಲಿ ಇಳಿಯುತ್ತದೆ. ಹೋಗುವುದಕ್ಕೆ ಎರಡೂಕಾಲು ಗಂಟೆ, ಬರುವುದಕ್ಕೆ ಕಾಲು ಗಂಟೆ! ಇದು ಗಾಳಿಯ ಮಹಿಮೆಯಲ್ಲ. ನಿಜವಾದ ಪ್ರಯಾಣವು ಎರಡು ದಿಕ್ಕಿಗೂ ಸುಮಾರು ಒಂದೂಕಾಲು ಗಂಟೆಯದೇ ಆಗಿದೆ. ಪ್ಯಾರಿಸ್ಸಿನ ಗಡಿಯಾರವು ಲಂಡನ್ನಿನ ಗಡಿಯಾರಕ್ಕಿಂತ ಒಂದು ಗಂಟೆ ಮುಂದಿರುವುದರಿಂದ ಹೋಗುವಾಗ ಒಂದು ಗಂಟೆ ಕೂಡಿಕೊಳ್ಳುತ್ತದೆ, ಬರುವಾಗ ಕಳೆದುಹೋಗುತ್ತದೆ.

ಇಷ್ಟಕ್ಕೆ ಸಂಶಯವು ಪರಿಹಾರವಾಯಿತೆಂದು ಸುಮ್ಮನಾಗುವವರು ಸುಮ್ಮನಾಗಬಹುದು. ಆದರೆ ಭೂಪಟವನ್ನು ತೆರೆದು ನೋಡುವವರಿಗೆ ಎರಡನೆಯ ಸಂಶಯವೊಂದು ಕಾದಿರುತ್ತದೆ. ಈ ಎರಡು ನಗರಗಳೂ ಹೆಚ್ಚು ಕಡಿಮೆ ಒಂದೇ ರೇಖೆಯ ಮೇಲೆ, ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ ಇವೆ. ಗ್ರೀನಿಚ್ ವೇಧಶಾಲೆಗೂ ಪ್ಯಾರಿಸ್ಸಿನ ವೇಧಶಾಲೆಗೂ ರೇಖಾಂಶದಲ್ಲಿರುವ ಅಂತರವು ಸುಮಾರು ೨ ಭಾಗೆ ೨೦ ಕಲೆಗಳು ಮಾತ್ರ. ಗಂಟೆಗೆ ೧೫ ಭಾಗೆಯಂತೆ ಲೆಕ್ಕ ಹಾಕಿದರೆ ಇದು ೯ ನಿಮಿಷ ೨೧ ಸೆಕೆಂಡು. ಪಂಚಾಂಗದ ಮಾನದಿಂದ ಹೇಳುವುದಾದರೆ ೨೩ ವಿಘಳಿಗೆಗೆ ತುಸು ಹೆಚ್ಚು. ಅರ್ಧ ಗಳಿಗೆಯೂ ತುಂಬುವುದಿಲ್ಲ. ಲಂಕೆಯಿಂದ ಉಜ್ಜಯಿನಿಯ ಮೇಲೆ ಹಾಯುವ ಮಧ್ಯರೇಖೆಯನ್ನು ಆಧಾರವಾಗಿಟ್ಟು ತಮ್ಮ ಊರಿಗೆ ದೇಶಾಂತರ ಸಂಸ್ಕಾರ ಮಾಡಿಕೊಳ್ಳುವ ಜೋಯಿಸರಿಗೆ ಇಂಥ ಲೆಕ್ಕ ಹೊಸದಲ್ಲ. ಸೂರ್ಯನು ಕೊಟ್ಟ ಒಂಬತ್ತು ನಿಮಿಷವು ಗಡಿಯಾರದಲ್ಲಿ ಅರುವತ್ತು ನಿಮಿಷವಾದುದು ಹೇಗೆ? ಇದನ್ನು ತಿಳಿಯಬೇಕಾದರೆ ಈ ಎರಡು ನಗರಗಳ ನಡುವಣ ದೂರವನ್ನು ಮೊದಲು ಅಳೆದವರ ಕಾಲಕ್ಕೆ ಹೋಗಬೇಕು.

೧೭೮೩ನೆಯ ಇಸವಿಯಲ್ಲಿ ಫ್ರಾನ್ಸಿನ ಖಗೋಳಜ್ಞನಾದ ಕಸೀನಿ ದ ಥೂರಿಯು ಇಂಗ್ಲೆಂಡಿನ ಅರಸನಿಗೆ ಒಂದು ವಿಜ್ಞಾಪನೆಯನ್ನು ಕಳುಹಿಸಿದನು. ಗ್ರೀನಿಚ್ಚಿನ ಸ್ಥಾನವು ಪ್ಯಾರಿಸ್ಸಿಗೆ ಹೋಲಿಸಿದಲ್ಲಿ ಇನ್ನೂ ನಿಶ್ಚಿತವಾಗಿಲ್ಲ, ರೇಖಾಂಶದಲ್ಲಿ ೧೧ ಸೆಕೆಂಡು ಕಾಲದಷ್ಟು ಸಂದೇಹವಿದೆ, ಆದುದರಿಂದ ಎರಡು ವೇಧಶಾಲೆಗಳನ್ನೂ ತ್ರಿಕೋಣಗಳ ಸಾಲಿನಿಂದ ಜೋಡಿಸಿ ಅಳೆಯಬೇಕು ಎಂಬುದು ಅದರ ಸಾರ. ಗ್ರೀನಿಚ್ಚಿನ ರಾಜಜ್ಯೋತಿಷಿಯಾಗಿದ್ದ ಮ್ಯಾಸ್ಕಲಿನ್ನನಿಗೆ ಈ ಮಾತು ರುಚಿಸಲಿಲ್ಲ. ತನ್ನ ಮನೆಯು ಎಲ್ಲಿದೆಯೆಂದು ನೆರೆಯವನು ಬಂದು ಸಂದೇಹಪಟ್ಟರೆ ಯಾರಿಗೆ ತಾನೆ ರುಚಿಸೀತು? ಆದರೂ ಮೂರನೆಯ ಜಾರ್ಜ್ ದೊರೆಯು ಒಪ್ಪಿಗೆಯಿತ್ತನು. ಕಾರ್ಯವು ವಿಲಿಯಮ್ ರಾಯ್ ಎಂಬ ಸೇನಾಧಿಕಾರಿಯ ಪಾಲಿಗೆ ಬಂದಿತು. ರಾಯನು ತಾರುಣ್ಯದಲ್ಲಿ ಸ್ಕಾಟ್ಲೆಂಡಿನ ಬೆಟ್ಟಗಾಡನ್ನು ಅಳೆದು ನಕ್ಷೆ ಬರೆದವನು. ಈಗ ಅವನಿಗೆ ಐವತ್ತೆಂಟು ವರ್ಷ ವಯಸ್ಸಾಗಿತ್ತು.

ತ್ರಿಕೋಣಮಾಪನಕ್ಕೆ ಮೊದಲು ಬೇಕಾದುದು ನೆಲದ ಮೇಲೆ ಕೈಯಾರೆ ಅಳೆದ ಒಂದು ಆಧಾರರೇಖೆ. ಅದೊಂದು ಸರಿಯಾಗಿದ್ದರೆ ಉಳಿದುದೆಲ್ಲವನ್ನೂ ಕೋಣಗಳನ್ನು ನೋಡಿ ಗಣಿತದಿಂದ ಸಾಧಿಸಬಹುದು. ಲಂಡನ್ನಿನ ಪಶ್ಚಿಮಕ್ಕೆ ಹೌನ್ಸ್ಲೋ ಹೀತ್ ಎಂಬ ವಿಶಾಲವಾದ ಸಮತಟ್ಟು ಬಯಲಿತ್ತು. ೧೭೮೪ರ ಬೇಸಗೆಯಲ್ಲಿ ರಾಯನು ಅಲ್ಲಿ ಅಳತೆಗೆ ತೊಡಗಿದನು. ಇಪ್ಪತ್ತು ಅಡಿ ಉದ್ದದ ಮರದ ಕೋಲುಗಳನ್ನು ಒಂದರ ತುದಿಗೆ ಒಂದನ್ನಿಟ್ಟು ಅಳೆದುದಾಯಿತು. ಆದರೆ ತೇವದ ಹವೆಯಲ್ಲಿ ಮರವು ಹಿಗ್ಗಿ ಒಣಹವೆಯಲ್ಲಿ ಕುಗ್ಗುವುದು ಕಂಡುಬಂದುದರಿಂದ ಅದನ್ನು ಬಿಟ್ಟು, ಇಪ್ಪತ್ತು ಅಡಿ ಉದ್ದದ ಗಾಜಿನ ಕೊಳವೆಗಳನ್ನು ಮಾಡಿಸಿ ಪುನಃ ಮೊದಲಿನಿಂದ ಅಳೆಯಬೇಕಾಯಿತು. ಅರಸನೇ ಬಂದು ಕೆಲಸವನ್ನು ನೋಡಿಹೋದನು. ಕೊನೆಗೆ ಬಂದ ಅಳತೆಯು ೨೭,೪೦೪ ಅಡಿ, ಎಂದರೆ ಐದು ಮೈಲಿಗಿಂತ ಸ್ವಲ್ಪ ಹೆಚ್ಚು. ಏಳು ವರ್ಷಗಳ ತರುವಾಯ ಬೇರೆಯವರು ಉಕ್ಕಿನ ಸರಪಣಿಯಿಂದ ಅದೇ ರೇಖೆಯನ್ನು ಅಳೆದಾಗ ಬಂದ ವ್ಯತ್ಯಾಸವು ಮೂರು ಅಂಗುಲಕ್ಕಿಂತ ಕಡಿಮೆ. ಐದು ಮೈಲಿಗೆ ಮೂರು ಅಂಗುಲ! ಗಾಜಿನ ಕೊಳವೆಯನ್ನು ಬಯಲಿನಲ್ಲಿ ಹೊತ್ತು ನಡೆದವರ ಎಚ್ಚರವು ಎಂತಹುದಿದ್ದಿರಬೇಕು!

ಮುಂದಿನ ಕೆಲಸಕ್ಕೆ ಕೋಣಗಳನ್ನು ನೋಡುವ ದೊಡ್ಡ ಯಂತ್ರ ಬೇಕಾಗಿತ್ತು. ಜೆಸ್ಸಿ ರಾಮ್ಸ್‌ಡೆನ್ ಎಂಬ ಪ್ರಸಿದ್ಧ ಕುಶಲಕರ್ಮಿಯು ಅದನ್ನು ಮಾಡಲು ಒಪ್ಪಿಕೊಂಡು ಸುಮಾರು ಮೂರು ವರ್ಷ ಸತಾಯಿಸಿದನು. ರಾಯನು ಈ ವಿಳಂಬವನ್ನು ತನ್ನ ಬರಹದಲ್ಲಿಯೇ ದೂರಿದ್ದಾನೆ. ಒಳ್ಳೆಯ ಅಕ್ಕಸಾಲಿಗನು ಹೇಳಿದ ದಿನಕ್ಕೆ ಒಡವೆ ಕೊಡುವುದಿಲ್ಲವೆಂಬುದು ಎಲ್ಲ ದೇಶಗಳಲ್ಲಿಯೂ ನಿಜವೆಂದು ತೋರುತ್ತದೆ. ೧೭೮೭ರಲ್ಲಿ ಕೈಗೆ ಬಂದ ಆ ಥಿಯೋಡೊಲೈಟಿನ ಚಕ್ರವು ಮೂರು ಅಡಿ ವ್ಯಾಸದ್ದಾಗಿತ್ತು. ತೂಕವು ಇನ್ನೂರು ಪೌಂಡು. ಆ ವೇಳೆಗೆ ಕಸೀನಿ ದ ಥೂರಿಯು ತೀರಿಕೊಂಡಿದ್ದನು. ಅವನ ಮಗನೂ, ಮೆಶೇನ್, ಲಜಾಂದ್ರ್ ಎಂಬ ವಿದ್ವಾಂಸರೂ ಅದೇ ಸೆಪ್ಟೆಂಬರಿನಲ್ಲಿ ಕಡಲು ದಾಟಿ ಡೋವರ್ ಪಟ್ಟಣಕ್ಕೆ ಬಂದು ರಾಯನನ್ನು ಕಂಡು, ಯಾವ ಯಾವ ಗುಡ್ಡಗಳ ಮೇಲೆ ಯಾವಾಗ ದೀಪ ಹಚ್ಚಬೇಕೆಂಬುದನ್ನು ಗೊತ್ತುಮಾಡಿಕೊಂಡರು. ಬಳಿಕ ಡೋವರ್ ಕೋಟೆಯಿಂದ ಫ್ರಾನ್ಸಿನ ದಡದ ದೀಪಗಳನ್ನೂ, ಫ್ರಾನ್ಸಿನ ದಡದಿಂದ ಡೋವರಿನ ದೀಪಗಳನ್ನೂ ರಾತ್ರಿಯಲ್ಲಿ ನೋಡಿ ಕೋಣಗಳನ್ನು ಬರೆದುಕೊಂಡರು. ಹಲವು ಶತಮಾನಗಳಿಂದ ಒಬ್ಬರಮೇಲೊಬ್ಬರು ಯುದ್ಧಕ್ಕೆ ಹೋಗುತ್ತಿದ್ದ ಎರಡು ರಾಜ್ಯಗಳು ಗಣಿತಕ್ಕಾಗಿ ಒಂದಕ್ಕೊಂದು ದೀಪ ತೋರಿಸಿದುದು ಸಾಮಾನ್ಯವಾದ ಸಂಗತಿಯಲ್ಲ. ಆರು ವರ್ಷ ಕಳೆಯುವಷ್ಟರಲ್ಲಿ, ೧೭೯೩ರಲ್ಲಿ, ಅವೇ ರಾಜ್ಯಗಳ ನಡುವೆ ಪುನಃ ಯುದ್ಧವು ಮೊದಲಾಯಿತು.

ರಾಯನು ೧೭೯೦ರಲ್ಲಿ, ಈ ಕಾರ್ಯದ ಕೊನೆಯ ವರದಿಯ ಅಚ್ಚಿನ ಕರಡನ್ನು ತಿದ್ದುತ್ತಿದ್ದಾಗಲೇ, ಹಠಾತ್ತನೆ ಮೃತನಾದನು. ಅವನ ಲೆಕ್ಕಕ್ಕೂ ಈಗಿನ ೯ ನಿಮಿಷ ೨೧ ಸೆಕೆಂಡಿಗೂ ಎರಡು ಮೂರು ಸೆಕೆಂಡು ಕೂಡ ವ್ಯತ್ಯಾಸವಿಲ್ಲ. ಅವನ ಪದ್ಧತಿಯು ಬಹು ಬೇಗ ಕನ್ನಡ ನಾಡಿಗೂ ಬಂದಿತೆಂಬುದನ್ನು ಇಲ್ಲಿ ಸ್ಮರಿಸಬೇಕು. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ೧೮೦೦ರಲ್ಲಿ, ವಿಲಿಯಮ್ ಲ್ಯಾಂಬ್‌ಟನ್ನನು ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು ಮೈಸೂರು ಸೀಮೆಯ ತ್ರಿಕೋಣಮಾಪನಕ್ಕೆ ತೊಡಗಿದುದು ರಾಯನು ಹಾಕಿಕೊಟ್ಟ ದಾರಿಯಲ್ಲಿಯೇ. ಅವನ ಬಳಿಯಿದ್ದ ಉಕ್ಕಿನ ಸರಪಣಿಯೂ ಅದೇ ರಾಮ್ಸ್‌ಡೆನ್ನನ ಕೈಕೆಲಸ.

ಲಂಡನ್ನಿನಿಂದ ಪ್ಯಾರಿಸ್ಸಿಗೆ ವಾಯುಮಾರ್ಗವು ಸುಮಾರು ೩೪೪ ಕಿಲೋಮೀಟರು, ಎಂದರೆ ೨೧೪ ಮೈಲಿ, ಎಂದು ಇಂದು ಹೇಳುವಾಗ ಅದು ಯಾರೂ ಹಗ್ಗ ಹಿಡಿದು ಅಳೆದುದಲ್ಲ. ಎರಡು ಸ್ಥಳಗಳ ಅಕ್ಷಾಂಶ ರೇಖಾಂಶಗಳನ್ನು ತೆಗೆದುಕೊಂಡು ಭೂಗೋಲದ ಮೇಲೆ ಅವುಗಳ ಮೂಲಕ ಹಾಯುವ ಮಹಾವೃತ್ತದ ತುಂಡನ್ನು ಗಣಿತದಿಂದ ತೆಗೆದುದು. ಆ ಅಕ್ಷಾಂಶ ರೇಖಾಂಶಗಳ ಸಂಬಂಧವನ್ನು ನೆಲದ ಅಳತೆಯಿಂದ ಗಟ್ಟಿಮಾಡಿದುದು ಹೌನ್ಸ್ಲೋ ಬಯಲಿನ ಆ ಗಾಜಿನ ಕೊಳವೆ.

ಸೋಜಿಗವೆಂದರೆ, ರಾಯನು ನೆಲವನ್ನು ಅಳೆಯುತ್ತಿದ್ದ ಕಾಲದಲ್ಲಿಯೇ ಆಕಾಶದ ದಾರಿಯೂ ತೆರೆಯಿತು. ೧೭೮೫ರ ಜನವರಿ ೭ರಂದು ಬ್ಲಾನ್‌ಶಾರ್ ಎಂಬ ಫ್ರೆಂಚನೂ ಜೆಫ್ರೀಸ್ ಎಂಬ ಅಮೆರಿಕದ ವೈದ್ಯನೂ ಡೋವರಿನಿಂದ ಬೆಲೂನಿನಲ್ಲಿ ಮೇಲಕ್ಕೇರಿದರು. ಬೆಲೂನು ಕಡಲಿನತ್ತ ಇಳಿಯತೊಡಗಲು ಅವರು ತಂದಿದ್ದುದನ್ನೆಲ್ಲ ಎಸೆದು, ಕೊನೆಗೆ ತೊಟ್ಟ ಬಟ್ಟೆಗಳನ್ನೂ ಎಸೆದು, ಸುಮಾರು ಎರಡೂವರೆ ಗಂಟೆಯ ಮೇಲೆ ಫ್ರಾನ್ಸಿನ ಕಾಡೊಂದರಲ್ಲಿ ಬದುಕಿ ಇಳಿದರು. ಅದೇ ಜೂನ್ ತಿಂಗಳಲ್ಲಿ ಫ್ರಾನ್ಸಿನ ದಡದಿಂದ ದಾಟಲು ಹೊರಟ ಪಿಲಾತ್ರ್ ದ ರೋಸಿಯೇ ಮತ್ತು ರೊಮೇನ್ ಎಂಬಿಬ್ಬರು ಕೆಳಗೆ ಬಿದ್ದು ಸತ್ತರು. ಬೆಲೂನು ಗಾಳಿ ಒಯ್ದತ್ತ ಹೋಗುವ ವಾಹನವಾದುದರಿಂದ ಅದಕ್ಕೆ ವೇಳಾಪಟ್ಟಿಯೆಂಬುದು ಸಾಧ್ಯವಿರಲಿಲ್ಲ. ಮುಂದೆ ನೂರಕ್ಕೂ ಹೆಚ್ಚು ವರ್ಷ ಈ ದಾರಿಯು ಬಂಡಿ, ಹಡಗು, ರೈಲುಗಳದೇ ಆಗಿದ್ದಿತು.

೧೯೦೯ರ ಜುಲೈ ೨೫ರಂದು ಬ್ಲೇರಿಯೋ ಎಂಬವನು ತಾನೇ ಕಟ್ಟಿದ ವಿಮಾನದಲ್ಲಿ ಕಡಲ್ಗಾಲುವೆಯನ್ನು ಸುಮಾರು ೩೭ ನಿಮಿಷಗಳಲ್ಲಿ ದಾಟಿ ಡೋವರ್ ಕೋಟೆಯ ಬಳಿ ಇಳಿದುದು ಎಲ್ಲರೂ ಬಲ್ಲ ಸಂಗತಿ. ಆದರೆ ಕಡಲು ದಾಟುವುದು ಬೇರೆ, ನಗರದಿಂದ ನಗರಕ್ಕೆ ಹೋಗುವುದು ಬೇರೆ. ಮರುವರ್ಷ ಜಾನ್ ಮೊಯಿಸಾಂಟ್ ಎಂಬ ಅಮೆರಿಕದವನು ತನ್ನ ಯಂತ್ರಕುಶಲಿಯೊಬ್ಬನನ್ನು ಕೂಡಿಸಿಕೊಂಡು ಆಗಸ್ಟ್ ತಿಂಗಳಲ್ಲಿ ಪ್ಯಾರಿಸ್ಸಿನಿಂದ ಹೊರಟನು. ಜೊತೆಗೆ ಒಂದು ಬೆಕ್ಕಿನ ಮರಿಯೂ ಇತ್ತು. ಕಡಲನ್ನು ಅನಾಯಾಸವಾಗಿ ದಾಟಿದನು. ದಾಟಿದ ಮೇಲೆ ಇಂಗ್ಲೆಂಡಿನ ನೆಲದಲ್ಲಿ ಗಾಳಿಯೂ ಮುರಿದ ಯಂತ್ರವೂ ಅವನನ್ನು ಹಿಡಿದು ನಿಲ್ಲಿಸಿದುವು. ಲಂಡನ್ನನ್ನು ಸೇರಿದುದು ಸೆಪ್ಟೆಂಬರ್ ೬ರಂದು. ಒಟ್ಟು ಮೂರು ವಾರ. ಕಾಲ್ನಡೆಯವನಾದರೂ, ದೋಣಿಯೊಂದು ಸಿಕ್ಕಿದ್ದರೆ, ಅವನಿಗಿಂತ ಮೊದಲೇ ಸೇರಿರುತ್ತಿದ್ದನು! ಏಳು ತಿಂಗಳ ಬಳಿಕ, ೧೯೧೧ರ ಏಪ್ರಿಲ್ ೧೨ರಂದು, ಪಿಯೆರ್ ಪ್ರಿಯೇ ಎಂಬ ಫ್ರೆಂಚನು ಲಂಡನ್ನಿನ ಹೆಂಡನ್ ಬಯಲಿನಿಂದ ಹೊರಟು ಎಲ್ಲಿಯೂ ಇಳಿಯದೆ ೩ ಗಂಟೆ ೫೬ ನಿಮಿಷಗಳಲ್ಲಿ ಪ್ಯಾರಿಸ್ಸಿನ ಅಂಚಿನ ಇಸ್ಸಿಯನ್ನು ಮುಟ್ಟಿದನು. ಮೂರು ವಾರವು ನಾಲ್ಕು ಗಂಟೆಯೊಳಗಾಯಿತು.

ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ ಯುದ್ಧವಿಮಾನಗಳೂ ಅವುಗಳನ್ನು ನಡೆಸಬಲ್ಲ ತರುಣರೂ ಕೆಲಸವಿಲ್ಲದೆ ಉಳಿದರು. ೧೯೧೯ರ ಆಗಸ್ಟ್ ೨೫ರಂದು ಬೆಳಗ್ಗೆ ೯ ಗಂಟೆ ೧೦ ನಿಮಿಷಕ್ಕೆ ಲಾಫೋರ್ಡ್ ಎಂಬ ಚಾಲಕನು ಯುದ್ಧಕ್ಕಾಗಿ ಕಟ್ಟಿ ಬಳಿಕ ಮಾರ್ಪಡಿಸಿದ ವಿಮಾನವೊಂದರಲ್ಲಿ ಪ್ಯಾರಿಸ್ಸಿನ ಲ ಬೂರ್ಜೆಗೆ ಹೊರಟನು. ಲಂಡನ್ ಪ್ಯಾರಿಸ್‌ಗಳ ನಡುವೆ ದಿನವೂ ತಪ್ಪದೆ ನಡೆಯುವ ವಿಮಾನ ಸಂಚಾರಕ್ಕೆ ಇದೇ ಪ್ರಾರಂಭ. ಪ್ರಯಾಣಿಕನು ಒಬ್ಬನೇ; ಅವನು ಪತ್ರಿಕೆಯೊಂದರ ಬಾತ್ಮೀದಾರ. ಉಳಿದ ಸ್ಥಳದಲ್ಲಿ ವೃತ್ತಪತ್ರಿಕೆಗಳು, ಹದಮಾಡಿದ ತೊಗಲು, ಡೆವನ್‌ಷೈರಿನ ಕೆನೆ, ಬೇಟೆಯಾಡಿದ ಗ್ರೌಸ್ ಹಕ್ಕಿಗಳು. ಕಾಲವು ಸುಮಾರು ಎರಡೂವರೆ ಗಂಟೆ. ಒಂದು ಕಡೆಯ ದರ ೨೧ ಪೌಂಡು. ಹೊರಟ ಸ್ಥಳವು ಹೌನ್ಸ್ಲೋ ಹೀತ್. ನೂರಮೂವತ್ತೈದು ವರ್ಷಗಳ ಹಿಂದೆ ಪ್ಯಾರಿಸ್ಸಿನ ದೂರವನ್ನು ತಿಳಿಯಲೆಂದು ರಾಯನು ಕೊಳವೆಗಳನ್ನಿಟ್ಟ ಅದೇ ಹೌನ್ಸ್ಲೋ ಬಯಲು. ಅವನು ಅಳತೆಗೆ ಆ ಸ್ಥಳವನ್ನು ಆರಿಸಿದ ಕಾರಣವೂ ಇವರು ವಿಮಾನಕ್ಕೆ ಆರಿಸಿದ ಕಾರಣವೂ ಒಂದೇ: ನೆಲವು ವಿಶಾಲವಾಗಿ ಸಮತಟ್ಟಾಗಿದ್ದುದು.

ಆ ಚಾಲಕರಿಗೆ ದಾರಿ ತೋರಿಸುತ್ತಿದ್ದುದು ಮಹಾವೃತ್ತವಲ್ಲ. ಕೆಳಗೆ ಕಾಣುವ ರಸ್ತೆ, ರೈಲುಹಳಿ, ನದಿ. ಮೋಡವು ಇಳಿದು ಬಂದಷ್ಟೂ ವಿಮಾನವೂ ಇಳಿದು ರಸ್ತೆಯ ಮೇಲೆಯೇ ಹೋಗುತ್ತಿದ್ದಿತು. ಇತ್ತಣಿಂದ ಹೋಗುವವನೂ ಅತ್ತಣಿಂದ ಬರುವವನೂ ಒಂದೇ ರಸ್ತೆಯನ್ನು ಹಿಡಿದರೆ ಏನಾಗಬೇಕೋ ಅದು ೧೯೨೨ರ ಏಪ್ರಿಲ್ ೭ರಂದು ಆಯಿತು. ಪ್ಯಾರಿಸ್ಸಿನ ಉತ್ತರಕ್ಕಿರುವ ತ್ಯೆಲ್ವಾ ಸೇಂತ್ ಆಂತ್ವಾನ್ ಎಂಬ ಹಳ್ಳಿಯ ಮೇಲೆ, ಮಂಜು ಕವಿದಿದ್ದಾಗ, ಟಪಾಲನ್ನು ತರುತ್ತಿದ್ದ ಇಂಗ್ಲಿಷ್ ವಿಮಾನವೂ ಪ್ರಯಾಣಿಕರನ್ನು ಒಯ್ಯುತ್ತಿದ್ದ ಫ್ರೆಂಚ್ ವಿಮಾನವೂ ಎದುರೆದುರಾಗಿ ಡಿಕ್ಕಿ ಹೊಡೆದುವು. ಎರಡರಲ್ಲಿದ್ದ ಏಳು ಮಂದಿಯೂ ಸತ್ತರು. ಅವರಲ್ಲಿ ಇಂಗ್ಲಿಷ್ ವಿಮಾನದ ಪರಿಚಾರಕನು ಇನ್ನೂ ಹುಡುಗ. ಪ್ರಯಾಣಿಕ ಸಂಚಾರದ ಎರಡು ವಿಮಾನಗಳು ಆಕಾಶದಲ್ಲಿ ಹೀಗೆ ತಗಲಿದುದು ಅದೇ ಮೊದಲು. ನೆಲದ ಮೇಲೆ ಎತ್ತಿನ ಗಾಡಿಗೂ ಇದ್ದ ಪಕ್ಕದ ನಿಯಮವು ಆಕಾಶದ ಈ ದಾರಿಯಲ್ಲಿ ಗಟ್ಟಿಯಾಗಿ ನಿಲ್ಲಬೇಕಾದರೆ ಏಳು ಪ್ರಾಣಗಳು ಹೋಗಬೇಕಾಯಿತು: ಆ ಬಳಿಕ ಎಲ್ಲರೂ ಬಲಕ್ಕೆ ಸರಿದು ಹೋಗಬೇಕೆಂದೂ, ಗೊತ್ತಾದ ಮಾರ್ಗಗಳಲ್ಲಿಯೇ ಹಾರಬೇಕೆಂದೂ ವಿಧಿಸಲಾಯಿತು.

ಮರುವರ್ಷ ಇದೇ ದಾರಿಯಿಂದ ಲೋಕಕ್ಕೆ ಇನ್ನೊಂದು ಬಂದಿತು. ಆಗ ಲಂಡನ್ನಿನ ವಿಮಾನನಿಲ್ದಾಣವು ಕ್ರಾಯ್ಡನ್ನಿನಲ್ಲಿದ್ದಿತು. ಅಲ್ಲಿಯ ರೇಡಿಯೋ ಅಧಿಕಾರಿಯಾಗಿದ್ದ ಫ್ರೆಡರಿಕ್ ಮಾಕ್‌ಫೋರ್ಡ್‌ನಿಗೆ, ಆಪತ್ತಿನಲ್ಲಿರುವ ಚಾಲಕನು ಮಾತಿನಿಂದ ಕೂಗಿ ಹೇಳಬಹುದಾದ, ಯಾರಿಗೂ ತಪ್ಪಾಗಿ ಕೇಳಿಸದ ಒಂದು ಶಬ್ದವನ್ನು ಹುಡುಕುವ ಕೆಲಸ ಬಿದ್ದಿತು. ಹಡಗುಗಳ ತಂತಿಸಂಜ್ಞೆಯಾದ ಎಸ್. ಓ. ಎಸ್. ಎಂಬುದು ದೂರವಾಣಿಯಲ್ಲಿ ಸ್ಫುಟವಾಗಿ ಕೇಳಿಸುತ್ತಿರಲಿಲ್ಲ. ಕ್ರಾಯ್ಡನ್ನಿನ ಬಹುಪಾಲು ಸಂಚಾರವು ಲ ಬೂರ್ಜೆಯೊಡನೆಯೇ ಇದ್ದುದರಿಂದ ಅವನು ಫ್ರೆಂಚ್ ಭಾಷೆಯಲ್ಲಿ 'ನನಗೆ ನೆರವಾಗು' ಎಂಬರ್ಥದ ಮಾತನ್ನು ತೆಗೆದುಕೊಂಡು 'ಮೇಡೇ' ಎಂದು ಮಾಡಿದನು. ೧೯೨೭ರ ವಾಷಿಂಗ್ಟನ್ ಒಡಂಬಡಿಕೆಯಿಂದ ಅದು ಸರ್ವರಾಷ್ಟ್ರಗಳಿಗೂ ಸಾಮಾನ್ಯವಾಯಿತು. ಇಂದು ಯಾವ ದೇಶದ ಆಕಾಶದಲ್ಲಿಯಾದರೂ ಆಪತ್ತಿಗೆ ಸಿಕ್ಕಿದ ಚಾಲಕನು ಮೂರು ಬಾರಿ ಕೂಗುವ ಮಾತು ಲಂಡನ್ ಪ್ಯಾರಿಸ್ ದಾರಿಯಲ್ಲಿ ಹುಟ್ಟಿದುದು.

ವೇಗದ ವಿಷಯದಲ್ಲಿ ಹೇಳುವುದಾದರೆ, ಆ ಕಾಲದಲ್ಲಿ ಅದು ಅಷ್ಟೇನೂ ಬೆಳೆಯಲಿಲ್ಲ. ೧೯೨೧ರ ಫೆಬ್ರವರಿಯ ಕೊನೆಗಂತೂ ಫ್ರೆಂಚರಿಗೆ ಇದ್ದಂತೆ ಸರ್ಕಾರದ ಧನಸಹಾಯವಿಲ್ಲದ ಇಂಗ್ಲಿಷ್ ಕಂಪೆನಿಗಳ ವಿಮಾನಗಳೆಲ್ಲ ನಿಂತೇ ಹೋಗಿ, ಸಹಾಯವು ದೊರೆತ ಮೇಲೆ ಮಾರ್ಚಿಯಲ್ಲಿ ಪುನಃ ಹೊರಟುವು. ೧೯೨೭ರಲ್ಲಿ ಇಂಪೀರಿಯಲ್ ಏರ್‌ವೇಸ್ ಕಂಪೆನಿಯು ಮಧ್ಯಾಹ್ನದ ಊಟವನ್ನು ಬಡಿಸುವ 'ಸಿಲ್ವರ್ ವಿಂಗ್' ಎಂಬ ವಿಶೇಷ ಸಂಚಾರವನ್ನು ಏರ್ಪಡಿಸಿದಾಗಲೂ ಕಾಲವು ಅದೇ ಎರಡೂವರೆ ಗಂಟೆ. ಎಂಟು ವರ್ಷಗಳಲ್ಲಿ ಕಾಲವು ಇಳಿಯದಿದ್ದರೂ ಊಟವಾದರೂ ಸೇರಿತು. ೧೯೫೦ರ ಜುಲೈ ೨೯ರಂದು ವೈಕೌಂಟ್ ಎಂಬ ಹೊಸ ಬಗೆಯ ವಿಮಾನವು ಲಂಡನ್ನಿನ ನಾರ್ತೋಲ್ಟಿನಿಂದ ಲ ಬೂರ್ಜೆಗೆ ಹಣಕೊಟ್ಟ ಪ್ರಯಾಣಿಕರನ್ನು ಒಯ್ದಿತು. ಅನಿಲಚಕ್ರಯಂತ್ರದಿಂದ ರೆಕ್ಕೆಚಕ್ರವನ್ನು ತಿರುಗಿಸುವ ವಿಮಾನವು ವೇಳಾಪಟ್ಟಿಯ ಸಂಚಾರಕ್ಕೆ ಇಳಿದುದು ಲೋಕದಲ್ಲಿಯೇ ಅದು ಮೊದಲು. ಆಗ ಪ್ರಯಾಣವು ಒಂದು ಗಂಟೆಯ ಸುಮಾರಿಗೆ ಬಂದಿತು.

ಈಗ ಗಡಿಯಾರದ ಮಾತಿಗೆ ಬರಬಹುದು. ೧೮೮೪ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಸಭೆಯು ಗ್ರೀನಿಚ್ಚಿನ ರೇಖೆಯನ್ನು ಲೋಕಕ್ಕೆಲ್ಲ ಮೂಲರೇಖೆಯಾಗಿ ಆರಿಸಿದಾಗ ಫ್ರಾನ್ಸು ಮತ ಕೊಡದೆ ದೂರ ಉಳಿಯಿತು. ಅದರ ಗಡಿಯಾರಗಳು ಪ್ಯಾರಿಸ್ಸಿನ ಸೂರ್ಯನನ್ನೇ ಅನುಸರಿಸಿದುವು. ರೈಲು ನಿಲ್ದಾಣದ ಒಳಗಿನ ಗಡಿಯಾರವನ್ನು ಮಾತ್ರ, ತಡವಾಗಿ ಬಂದ ಪ್ರಯಾಣಿಕರ ಮೇಲಿನ ಕರುಣೆಯಿಂದ, ಹೊರಗಿನದಕ್ಕಿಂತ ಐದು ನಿಮಿಷ ಹಿಂದಿಟ್ಟಿದ್ದರು. ಕೊನೆಗೆ ೧೯೧೧ರ ಮಾರ್ಚಿಯಲ್ಲಿ ಒಂದು ಶಾಸನವಾಯಿತು. ಅದರಲ್ಲಿ ಗ್ರೀನಿಚ್ಚಿನ ಹೆಸರಿಲ್ಲ. ಫ್ರಾನ್ಸಿನ ಕಾಲವು ಪ್ಯಾರಿಸ್ಸಿನ ಮಧ್ಯಮಕಾಲವನ್ನು ೯ ನಿಮಿಷ ೨೧ ಸೆಕೆಂಡು ಹಿಂದಿಟ್ಟುದು ಎಂದು ಮಾತ್ರ ಇದೆ! ನೆರೆಯವನ ಹೆಸರನ್ನು ಬಾಯಿಯಲ್ಲಿ ಹೇಳದೆ ಅವನ ಗಡಿಯಾರವನ್ನು ಹಿಡಿದ ಚಾತುರ್ಯವಿದು. ರಾಯನೂ ಕಸೀನಿಯೂ ದೀಪ ತೋರಿಸಿ ಕಂಡುಹಿಡಿದ ಅಂತರವೇ ಹೀಗೆ ಶಾಸನದ ಭಾಷೆಯಾಯಿತು. ಮರುತಿಂಗಳು ಪ್ರಿಯೇ ಹೆಂಡನ್ನಿನಿಂದ ಹಾರಿದಾಗ ಎರಡು ನಗರಗಳ ಗಡಿಯಾರಗಳೂ ಒಂದೇ ಆಗಿದ್ದುವು. ಅವನ ೩ ಗಂಟೆ ೫೬ ನಿಮಿಷಕ್ಕೆ ಯಾವ ಸಂಸ್ಕಾರವೂ ಬೇಕಿರಲಿಲ್ಲ.

ಈ ಐಕ್ಯವು ಮುರಿದುದು ೧೯೪೦ರಲ್ಲಿ. ಆ ವರ್ಷ ಜೂನಿನಲ್ಲಿ ಜರ್ಮನ್ ಸೈನ್ಯವು ಪ್ಯಾರಿಸ್ಸನ್ನು ಹೊಕ್ಕು ಅಲ್ಲಿಯ ಗಡಿಯಾರಗಳನ್ನು ಜರ್ಮನಿಯ ಕಾಲಕ್ಕೆ ತಿರುಗಿಸಿತು. ಯುದ್ಧವು ಮುಗಿದು ಸೈನ್ಯವು ಹೋಯಿತು. ಫ್ರಾನ್ಸಿನ ಗಡಿಯಾರವು ಮಾತ್ರ ಹಿಂದಕ್ಕೆ ಬರಲಿಲ್ಲ. ೧೯೬೮ರಿಂದ ೧೯೭೧ರವರೆಗೆ ಇಂಗ್ಲೆಂಡೇ ತನ್ನ ಗಡಿಯಾರವನ್ನು ವರ್ಷವಿಡೀ ಒಂದು ಗಂಟೆ ಮುಂದಿಟ್ಟು ನೋಡಿತು. ಜನರಿಗೆ ಒಗ್ಗದೆ ಬಿಟ್ಟಿತು. ಆದುದರಿಂದ ಇಂದಿಗೂ ವಿಮಾನದ ವೇಳಾಪಟ್ಟಿಯಲ್ಲಿ ಕಾಣುವ ಆ ಹೆಚ್ಚಿನ ಒಂದು ಗಂಟೆಯು ಸೂರ್ಯನ ಲೆಕ್ಕವಲ್ಲ, ಯುದ್ಧವು ಬಿಟ್ಟುಹೋದ ಶೇಷ.

ಇಂದಿನ ಜೆಟ್ ವಿಮಾನವು ಹೀತ್ರೋ ನಿಲ್ದಾಣದಿಂದ ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ನಿಲ್ದಾಣಕ್ಕೆ ಇರುವ ಸುಮಾರು ೩೪೮ ಕಿಲೋಮೀಟರನ್ನು ಆಕಾಶದಲ್ಲಿ ಕ್ರಮಿಸುವುದು ಹೆಚ್ಚು ಕಡಿಮೆ ಮುಕ್ಕಾಲು ಗಂಟೆಯಲ್ಲಿ. ಗೊತ್ತಾದ ಮಾರ್ಗಗಳಲ್ಲಿಯೇ ಹೋಗಬೇಕಾದುದರಿಂದ ಅದು ಮಹಾವೃತ್ತಕ್ಕಿಂತ ತುಸು ಸುತ್ತಿನ ದಾರಿಯಲ್ಲಿ ಹೋಗುತ್ತದೆ. ವೇಳಾಪಟ್ಟಿಯಲ್ಲಿ ಒಂದೂಕಾಲು ಗಂಟೆಯೆಂದು ಬರೆಯುವುದು ನೆಲದ ಮೇಲೆ ಉರುಳುವುದನ್ನೂ, ಸರದಿಯಲ್ಲಿ ನಿಲ್ಲುವುದನ್ನೂ, ಇಳಿಯಲು ಅಪ್ಪಣೆಗಾಗಿ ಸುತ್ತುವುದನ್ನೂ ಸೇರಿಸಿ. ಇದಕ್ಕೆ ಊರಿನಿಂದ ನಿಲ್ದಾಣಕ್ಕೆ ಹೋಗುವ ಕಾಲ, ಶೋಧನೆಯ ಕಾಲ, ಕಾಯುವ ಕಾಲ, ಪುನಃ ನಿಲ್ದಾಣದಿಂದ ಊರನ್ನು ಸೇರುವ ಕಾಲಗಳನ್ನು ಕೂಡಿಸಿದರೆ ಲಾಫೋರ್ಡ್‌ನ ಎರಡೂವರೆ ಗಂಟೆಯನ್ನು ಅದು ಸುಲಭವಾಗಿ ಮೀರುತ್ತದೆ. ವಿಮಾನದ ವೇಗವು ಹಲವು ಮಡಿ ಹೆಚ್ಚಿತು. ಉಳಿಸಿದುದನ್ನು ನೆಲವು ನುಂಗಿತು.

ಇದರ ಫಲವು ರೈಲಿಗೆ ಸಂದಿತು. ೧೯೨೯ರಲ್ಲಿ 'ಗೋಲ್ಡನ್ ಆರೋ' ಎಂಬ ಹೆಸರಾದ ರೈಲೂ ಅದರ ಹಡಗೂ ಕೂಡಿ ಪ್ರಯಾಣಿಕನನ್ನು ಪ್ಯಾರಿಸ್ಸಿಗೆ ಮುಟ್ಟಿಸಲು ಆರೂವರೆ ಗಂಟೆಗೆ ಮೇಲೆ ಹಿಡಿಯುತ್ತಿದ್ದಿತು. ೧೯೯೪ರಲ್ಲಿ ಕಡಲಿನ ಕೆಳಗಣ ಸುರಂಗವು ತೆರೆದು ರೈಲುಗಳು ಓಡತೊಡಗಿದುವು. ಲಂಡನ್ನಿನಿಂದ ಕಡಲ ದಡದವರೆಗಿನ ಹೊಸ ಹಳಿಯು ೨೦೦೭ರಲ್ಲಿ ಪೂರ್ಣವಾದ ಮೇಲೆ ೪೯೨ ಕಿಲೋಮೀಟರಿನ ಆ ದಾರಿಯನ್ನು ಅವು ಎರಡೂಕಾಲು ಗಂಟೆಯ ಸುಮಾರಿನಲ್ಲಿ ಕ್ರಮಿಸುತ್ತವೆ. ಆಕಾಶದ ದಾರಿಗಿಂತ ನೆಲದ ದಾರಿಯು ನೂರನಲವತ್ತಕ್ಕೂ ಹೆಚ್ಚು ಕಿಲೋಮೀಟರು ದೂರ. ಆದರೂ ಊರ ನಡುವಿನಿಂದ ಊರ ನಡುವಿಗೆ ಹೋಗುವವರಿಗೆ ಅದೇ ಹತ್ತಿರ.

ರಾಯನ ಆಧಾರರೇಖೆಯ ಎರಡು ತುದಿಗಳಲ್ಲಿ ಮೊದಲು ನೆಟ್ಟುದು ಮರದ ಕೊಳವೆಗಳನ್ನು. ಅವು ಕೊಳೆಯತೊಡಗಲು ೧೭೯೧ರಲ್ಲಿ ಅವುಗಳ ಬದಲಿಗೆ ಫಿರಂಗಿಯ ಕೊಳವೆಗಳನ್ನು ಬಾಯಿ ಮೇಲಾಗಿ ಹೂಳಿದರು. ವಾಯವ್ಯದ ತುದಿಯ ಫಿರಂಗಿಯು ಇದ್ದ ಸ್ಥಳಕ್ಕೆ ಹೀತ್ರೋ ನಿಲ್ದಾಣವು ಬಂದಿತು. ೧೯೪೪ರಲ್ಲಿ, ನಿಲ್ದಾಣದ ಕೆಲಸವು ಮೊದಲಾದಾಗ, ಅದನ್ನು ಕಿತ್ತು ಬೇರೆಡೆಗೆ ಒಯ್ದರು. ೧೯೭೨ರಲ್ಲಿ ಹಿಂದಕ್ಕೆ ತಂದು ನಿಲ್ಲಿಸಿದರು. ನಿಲ್ದಾಣದ ಉತ್ತರದ ಅಂಚಿನ ರಸ್ತೆಯ ಪಕ್ಕದಲ್ಲಿ ಅದು ಈಗಲೂ ಇದೆ.